ಟನ್ನಿಗೆ ಒಂದೂವರೆ ರೂಪಾಯಿ ಬಿದಿರು

ಮರ ನಂಬ್ಕೊಂಡ ಉದ್ಯಮ ನಾಲ್ಕು ತಲೆಮಾರು ಬಾಳ್ಬೇಕು ಅಂದ್ರೆ ಏನ್ಮಾಡ್ಬೇಕು ಅಂತ ಯಾರನ್ನ ಕೇಳಿದ್ರೂ ಗಿಡ ನೆಡಿ ಅಂತಾರೆ. ನಾನಂತೂ ಮೊದಲು ಮರಕ್ಕೆ ಸರಿಯಾದ ರೇಟು ಕೊಡಿ ಅಂತೀನಿ, ರೇಟು ಇದ್ರೆ ನೆಡೋ ಜನ ಬಂದೇ ಬರ್ತಾರೆ.

ದಾಂಡೇಲಿ ಕಥೆನೇ ನೋಡಿ. 1950ರ ದಶಕದಲ್ಲಿ ಅಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಬಂದಾಗ ಉತ್ತರ ಕನ್ನಡದ ಕಾಡಿನ ಬಿದಿರನ್ನ ಸರ್ಕಾರ ಟನ್ನಿಗೆ ಒಂದೂವರೆ ರೂಪಾಯಿ ಹಾಗೆ ಕೊಡೋಕೆ ಒಪ್ಕೊಂಡಿತ್ತು, ಅದೇ ಬಿದಿರಿಗೆ ಬುಟ್ಟಿ ಹೆಣೆಯೋ ಮೇದಾರರು ಪೇಟೇಲಿ ಅದರ ಎಷ್ಟೋ ಪಟ್ಟು ದುಡ್ಡು ಕೊಡ್ಬೇಕಿತ್ತು. 1970ರ ದಶಕದ ಹೊತ್ತಿಗೆ ಬಿದಿರೇ ಸಿಗ್ತಿಲ್ಲ ಅಂತ ಮೇದಾರರು ದೂರು ಕೊಟ್ರು, ಆಮೇಲೆ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರು ಕಾಡಿಗೆ ಇಳಿದು ಅಧ್ಯಯನ ಮಾಡಿದ್ರು. ಅರಣ್ಯ ಇಲಾಖೆಯವರು ಊರವರ ದನದ ಕಾಟದಿಂದ ಬಿದಿರು ಹಾಳಾಗ್ತಿದೆ ಅಂತಿದ್ರು. ಊರವರು ಹೇಳಿದ್ದೇ ಬೇರೆ. ಬಿದಿರು ಮೆಳೆ ಬುಡದಲ್ಲಿ ಮುಳ್ಳಿನ ಕೊಂಬೆ ಹೆಣೆದುಕೊಂಡು ಬೇಲಿ ಥರ ಇರತ್ತಲ್ಲ, ಅದನ್ನ ಸವರಿ ಕ್ಲೀನ್ ಮಾಡಿದ್ರೆ ಮೆಳೆ ಚೆನ್ನಾಗಿ ಬರತ್ತೆ ಅಂತ ಇಲಾಖೆ ನಿಯಮ, ಮಿಲ್ ಕೂಲಿಗಳು ಹಾಗೇ ಸವರ್ತಿದ್ರು. ಮುಳ್ಳು ಹೋದ್ಮೇಲೆ ಮಳೆಗಾಲದಲ್ಲಿ ಏಳೋ ಕಳಲೆ ದನಕ್ಕೂ ಮಂಗಕ್ಕೂ ಸಲೀಸಾಗಿ ಸಿಗತ್ತೆ, ಹೊಸ ಬಿದಿರು ಏಳೋದು ಎಲ್ಲಿಂದ? ಪರೀಕ್ಷೆ ಮಾಡಿ ನೋಡಿದ್ರೆ ಊರವರ ಮಾತೇ ನಿಜ ಆಗಿತ್ತು.

ಹೆಚ್ಚುಕಮ್ಮಿ ಪುಕ್ಕಟೆಗೆ ಸಿಗೋ ಮಾಲಿನ ಬುಡ ಯಾರು ಕಾಯ್ತಾರೆ ಹೇಳಿ. ಹತ್ರದ ಬಿದಿರು ಮುಗಿದ್ರೆ ದೂರದಿಂದ ತಂದ್ರಾಯ್ತು ಅನ್ನೋ ಲೆಕ್ಕ.

1988ರ ರಾಷ್ಟ್ರೀಯ ಅರಣ್ಯ ನೀತಿ ಬಂದ್ಮೇಲೆ ಆಟ ಬದಲಾಯ್ತು. ಕಾರ್ಖಾನೆಗಳಿಗೆ ರಿಯಾಯ್ತಿ ದರದಲ್ಲಿ ಕಾಡಿನ ಮಾಲು ಇಲ್ಲ, ರೈತರ ಹತ್ರ ಬೆಳೆಸ್ಕೊಳ್ಳಿ ಅಂತ ನೀತಿ. ಪೇಪರ್ ಮಿಲ್ಲುಗಳು ಸಸಿ ಕೊಟ್ಟು ಸುಬಾಬುಲ್, ಗಾಳಿಮರ, ನೀಲಗಿರಿ ಬೆಳೆಸೋಕೆ ರೈತರ ಬಾಗಿಲಿಗೆ ಬಂದ್ವು, ದಾಂಡೇಲಿ ಮಿಲ್ ಇವತ್ತಿಗೂ ನಡೀತಿದೆ.

ಹಾಗಂತ ರೈತನ ಕಷ್ಟ ಏನೂ ಕಮ್ಮಿ ಇಲ್ಲ. ನಾಲ್ಕೈದು ವರ್ಷ ಹೊಲದಿಂದ ಪೈಸಾ ಬರಲ್ಲ, ಕಟಾವಿನ ಹೊತ್ತಿಗೆ ಏಜೆಂಟ್ ಹೇಳಿದ್ದೇ ರೇಟು. ಕಡಿದು ಸಿಪ್ಪೆ ಸುಲಿದು ರಾಶಿ ಹಾಕಿದ್ಮೇಲೆ ಲಾರಿ ನಾಳೆ ಬರತ್ತೆ ನಾಡಿದ್ದು ಬರತ್ತೆ ಅಂತ ಒಂದು ವಾರ ಎಳೆದ್ರೆ ಬಿಸಿಲಿಗೆ ಮರ ಒಣಗಿ ತೂಕ ಇಳಿಯತ್ತೆ, ನಷ್ಟ ಪೂರ್ತಿ ರೈತನ ತಲೆಗೆ, ಯಾಕಂದ್ರೆ ದುಡ್ಡು ಸಿಗೋದು ಟನ್ನಿನ ಲೆಕ್ಕದಲ್ಲಿ. ಹೀಗೆ ಒಂದ್ಸಲ ಏಟು ತಿಂದೋನು ಬೇರು ಸಮೇತ ಕಿತ್ತು ಗೋವಿನಜೋಳ ಹಾಕ್ತಾನೆ, ತಪ್ಪೇನಿದೆ? ಸಸಿ ಕೊಡೋ ದಿನವೇ ಕನಿಷ್ಠ ರೇಟು ಬರೆದು ಕೊಟ್ಟು, ಕಡಿದ ವಾರದೊಳಗೆ ತೂಕ ಮಾಡೋ ಮಿಲ್ಲಿಗೆ ಮುಂದಿನ ಸಲವೂ ಮರ ಸಿಗತ್ತೆ.

ಭದ್ರಾವತಿಯ ಎಂಪಿಎಂ, ಅಂದ್ರೆ ಮೈಸೂರು ಪೇಪರ್ ಮಿಲ್ಸ್ ಕಥೆ ಇನ್ನೊಂದು ಥರ. 1936ರಲ್ಲಿ ಶುರುವಾದ ಕಾರ್ಖಾನೆ, ಸರ್ಕಾರದಿಂದ ಗುತ್ತಿಗೆಗೆ ಸಿಕ್ಕ ಸಾವಿರಾರು ಹೆಕ್ಟೇರ್ ಜಾಗದಲ್ಲಿ ಅಕೇಶಿಯಾ, ನೀಲಗಿರಿ ಇತ್ತು. ಆದ್ರೂ 2015ರ ಹೊತ್ತಿಗೆ ಉತ್ಪಾದನೆ ನಿಂತೋಯ್ತು. ಕಾರಣ ಒಂದಲ್ಲ ಅನ್ನೋದು ಸರಿ, ಆದ್ರೆ ಬರೀ ನೆಡುತೋಪು ಇದ್ರೆ ಮಿಲ್ ಉಳಿಯತ್ತೆ ಅನ್ನೋದು ಸುಳ್ಳಾಯ್ತಲ್ಲ. ಮೇಲಿಂದ 2020ರಲ್ಲಿ ಗುತ್ತಿಗೆ ಅವಧಿ ಮುಗಿದಾಗ ಮತ್ತೆ ಕೊಡ್ಬೇಡಿ ಅಂತ ಮಲೆನಾಡಿನ ಜನವೇ ಎದ್ದು ನಿಂತ್ರು. ಸುತ್ತಲಿನ ಊರಿಗೆ ಬೇಡವಾದ ತೋಪು ಎಷ್ಟು ದಿನ ಅಂತ ನಡೀಬೇಕು?

ನನಗೆ ಹಿಡಿಸೋದು ಕೊಡಗಿನ ಕಾಫಿ ತೋಟದ ರೀತಿ. ಸಿಲ್ವರ್ ಓಕ್ ನೆರಳಿಗೂ ಆಯ್ತು, ಮೆಣಸಿನ ಬಳ್ಳಿ ಹಬ್ಬೋಕೂ ಆಯ್ತು, ವರ್ಷ ವರ್ಷ ಕಾಫಿ ಮೆಣಸಿನ ದುಡ್ಡು ಬರೋದ್ರಿಂದ ರೇಟು ಬಿದ್ದ ವರ್ಷ ಮರ ಮಾರೋ ಅರ್ಜೆಂಟೇ ಇಲ್ಲ. ಸಿಲ್ವರ್ ಓಕ್ ಜಾಸ್ತಿಯಾಗಿ ಊರಿನ ಕಾಡುಮರ ಕಮ್ಮಿ ಆಗ್ತಿದೆ ಅನ್ನೋ ತಕರಾರು ನಂದೂ ಇದೆ, ಅದನ್ನ ಬೇರೆ ಪೋಸ್ಟಲ್ಲಿ ಬರೀತೀನಿ.