ಗೋಡೆ ಸವರುತ್ತಾ ಕಡಲ ದಂಡೆಯಲ್ಲಿ ಆರು ದಿನ

ನಮ್ಮ ಯಜಮಾನ್ರು ಗಾರೆ ಮೇಸ್ತ್ರಿ. ಮುಳಬಾಗಿಲು ಸುತ್ತಮುತ್ತ ಮೂವತ್ತು ವರ್ಷದಿಂದ ಮನೆ ಕಟ್ಟುತ್ತಿದ್ದಾರೆ. ನಾನು ನಮ್ಮೂರಿನ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಮದುವೆಯಾಗಿ ಇಪ್ಪತ್ತಾರು ವರ್ಷ. ಈ ಇಪ್ಪತ್ತಾರು ವರ್ಷದಲ್ಲಿ ನಾವಿಬ್ಬರೂ ಊರು ಬಿಟ್ಟು ಹೋಗಿದ್ದೆಲ್ಲ ಯಾರದೋ ಮದುವೆಗೆ, ಯಾರದೋ ತಿಥಿಗೆ, ಇಲ್ಲಾ ತಿರುಪತಿಗೆ. ಸುಮ್ನೆ ಊರು ನೋಡೋಕೆ ಅಂತ ಎಲ್ಲೂ ಹೋಗಿರಲಿಲ್ಲ.

ಈ ಸಲ ಧನುರ್ಮಾಸದಲ್ಲಿ ಕಾಲ ಕೂಡಿ ಬಂತು. ಆ ತಿಂಗಳು ನಮ್ಮ ಕಡೆ ಯಾರೂ ಹೊಸ ಮನೆಗೆ ಪಾಯ ಹಾಕಲ್ಲ. ಕೈಯಲ್ಲಿದ್ದ ಮನೆಯ ಪ್ಲಾಸ್ಟರಿಂಗೂ ಮುಗಿದಿತ್ತು. "ಹಸು ನಾನು ನೋಡ್ಕೋತೀನಮ್ಮ, ಡೈರಿಗೆ ಹಾಲೂ ನಾನೇ ಹಾಕ್ತೀನಿ, ನೀವಿಬ್ರೂ ಹೋಗ್ಬನ್ನಿ" ಅಂತ ಮಗಳು ಹಟ ಹಿಡಿದಳು. ಎಲ್ಲಿಗೆ ಅಂದರೆ ಸಮುದ್ರಕ್ಕೆ. ನಾವಿಬ್ಬರೂ ಸಮುದ್ರ ನೋಡಿರಲಿಲ್ಲ. ಸಾವಿರದಿನ್ನೂರು ಅಡಿ ಕೊರೆದರೂ ಬೋರಿನಲ್ಲಿ ನೀರು ಸಿಗದ ಸೀಮೆಯವರು ನಾವು.

ಮುಳಬಾಗಿಲು ಅಂದರೆ ಮೂಡಲ ಬಾಗಿಲು. ಆ ಬಾಗಿಲು ದಾಟಿ ಮೂಡಲಿಗೇ ಹೊರಟೆವು. ನಂಗಲಿ, ಪಲಮನೇರು, ಚಿತ್ತೂರು, ವೇಲೂರು. ತೆಲುಗು, ತಮಿಳು ಎರಡೂ ನಮಗೆ ಮಾತಾಡೋಕೆ ಬರುತ್ತೆ. ಅದು ಗಡಿಯವರಿಗೆ ಸಿಕ್ಕಿದ ವರ. ಎಲ್ಲೂ ಭಾಷೆಗೆ ತೊಂದರೆ ಆಗಲಿಲ್ಲ.

ಮೊದಲ ದಿನ ಕಂಚಿಯಲ್ಲಿ ಇಳಿದೆವು. ಕಂಚಿ ಕಡಲ ದಂಡೆಯ ಊರಲ್ಲ, ಆದರೆ ದಾರಿಯಲ್ಲಿತ್ತು. ಅಲ್ಲಿ ನನಗೆ ಒಂದೇ ಒಂದು ಕೆಲಸ ಇತ್ತು. ಕೈಲಾಸನಾಥ ದೇವಾಲಯದ ಕಂಬದ ಮೇಲಿರುವ ಕನ್ನಡ ಶಾಸನ ನೋಡಬೇಕಿತ್ತು.

ಕಥೆ ಹೀಗೆ. 642ರಲ್ಲಿ ಪಲ್ಲವರ ಒಂದನೇ ನರಸಿಂಹವರ್ಮ ನಮ್ಮ ಬಾದಾಮಿಯನ್ನು ಗೆದ್ದ. ಇಮ್ಮಡಿ ಪುಲಕೇಶಿಯ ಕಾಲ ಅಲ್ಲಿಗೆ ಮುಗಿಯಿತು. ನೂರು ವರ್ಷ ಕಳೆದ ಮೇಲೆ, 740ರ ಸುಮಾರಿಗೆ, ಬಾದಾಮಿಯ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಸೇಡು ತೀರಿಸಿಕೊಳ್ಳಬಹುದಿತ್ತು. ಅವನು ಊರು ಹಾಳು ಮಾಡಲಿಲ್ಲ. ಈ ಗುಡಿಯ ಸಂಪತ್ತನ್ನು ನೋಡಿ, ಅದನ್ನು ದೇವರಿಗೇ ವಾಪಸ್ ಕೊಟ್ಟ. ಆ ಮಾತನ್ನು ಕನ್ನಡದಲ್ಲೇ ಕಂಬದ ಮೇಲೆ ಕೆತ್ತಿಸಿದ. ಅವನ ರಾಣಿ ಲೋಕಮಹಾದೇವಿ ಆ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದೇ ವಿರೂಪಾಕ್ಷ ದೇವಾಲಯ.

ಕಂಬದ ಮುಂದೆ ನಿಂತಾಗ ನನಗೆ ಮಾತು ಹೊರಡಲಿಲ್ಲ. ಎಂಟನೇ ಶತಮಾನದ ಲಿಪಿ. ಒಂದೆರಡು ಅಕ್ಷರ ಮಾತ್ರ ಗುರುತು ಸಿಕ್ಕಿದ ಹಾಗಾಯಿತು. ನಮ್ಮ ಕೋಲಾರಮ್ಮನ ಗುಡಿಯ ಗೋಡೆ ತುಂಬಾ ಚೋಳರ ತಮಿಳು ಶಾಸನ ಇದೆಯಲ್ವಾ. ಚಿಕ್ಕವಳಿದ್ದಾಗ ಅದನ್ನು ನೋಡಿ "ನಮ್ಮ ದೇವಿ ಗುಡೀಲಿ ತಮಿಳು ಯಾಕೆ?" ಅಂತ ಅಪ್ಪನನ್ನು ಕೇಳಿದ್ದೆ. ಈಗ ತಮಿಳರ ಗುಡಿಯಲ್ಲಿ ನಮ್ಮ ಕನ್ನಡ. ನಮ್ಮವರು ಅಷ್ಟು ಹೊತ್ತಿಗೆ ಕಂಬ ಬಿಟ್ಟು ಪ್ರಾಕಾರದ ಗೋಡೆ ಹತ್ತಿರ ಕೂತಿದ್ದರು. "ಇಲ್ನೋಡು, ಮರಳುಗಲ್ಲು. ಬುಡಕ್ಕೆ ಮಾತ್ರ ಗಟ್ಟಿ ಕಲ್ಲು ಹಾಕವ್ರೆ. ಮಳೆ ನೀರು ನಿಲ್ಲೋದು ಬುಡದಲ್ಲೇ ತಾನೆ" ಅಂದರು. ನಾನು ಅಕ್ಷರ ಓದುತ್ತಿದ್ದೆ, ಅವರು ಪಾಯ ಓದುತ್ತಿದ್ದರು. ಆರು ದಿನವೂ ಹೀಗೇ ನಡೆಯಿತು.

ಚೆಂಗಲ್ಪಟ್ಟು ಮೇಲೆ ಮಹಾಬಲಿಪುರಕ್ಕೆ ಹೋದೆವು. ಬಸ್ಸು ಇಳಿದಾಗ ಕಿವಿಗೆ ಬಿದ್ದಿದ್ದು ಅಲೆಯ ಸದ್ದಲ್ಲ, ಉಳಿಯ ಸದ್ದು. ರಸ್ತೆಯ ಎರಡೂ ಕಡೆ ಇವತ್ತಿಗೂ ಕಲ್ಲು ಕೆತ್ತುವವರಿದ್ದಾರೆ. ನಮ್ಮವರ ಮುಖ ಅರಳಿತು. ಸಮುದ್ರಕ್ಕೆ ಮುಂಚೆ ಅಲ್ಲೇ ಅರ್ಧ ಗಂಟೆ ನಿಂತರು.

ಅರ್ಜುನನ ತಪಸ್ಸು ಅನ್ನುವ ಬಂಡೆ ಸುಮಾರು 90 ಅಡಿ ಉದ್ದ. ಆನೆಗಳು, ದೇವತೆಗಳು, ಮುನಿಗಳು. ಒಂದು ಬೆಕ್ಕು ಎರಡು ಕಾಲಿನ ಮೇಲೆ ನಿಂತು ತಪಸ್ಸು ಮಾಡುತ್ತಿದೆ, ಅದರ ಬುಡದಲ್ಲಿ ಇಲಿಗಳಿವೆ. ನಾನು ಬೆಕ್ಕಿನ ಮುಂದೆ ಜಾಸ್ತಿ ಹೊತ್ತು ನಿಂತೆ. ಆಮೇಲೆ ಹಿಂದಿನ ಗುಡ್ಡಕ್ಕೆ ಹತ್ತಿದೆವು. ಅಲ್ಲಿ ನಮ್ಮವರಿಗೆ ಸಿಕ್ಕಿದ್ದನ್ನು ಯಾವ ಗೈಡೂ ತೋರಿಸುತ್ತಿರಲಿಲ್ಲ ಅನಿಸುತ್ತೆ.

ಒಂದು ಬಂಡೆಯ ಮೇಲೆ ಸಾಲಾಗಿ ತೂತುಗಳಿದ್ದವು. ಒಂದೊಂದೂ ಬೆಂಕಿಪೊಟ್ಟಣದಷ್ಟು. ದಾರ ಹಿಡಿದು ಗುರುತು ಹಾಕಿದ ಹಾಗೆ ನೇರವಾದ ಸಾಲು. ಅವರು ಮಂಡಿ ಊರಿ ಕೂತು ಹೆಬ್ಬೆರಳು ಒಳಗೆ ಹಾಕಿದರು. "ಇದು ಬೆಣೆ ಹೊಡೆಯೋ ತೂತು ಕಣೇ" ಅಂದರು. ತೂತಿಗೆ ಒಣ ಮರದ ಬೆಣೆ ಬಡಿದು ನೀರು ಹಾಕುತ್ತಿದ್ದರಂತೆ. ಮರ ನೆನೆದು ಉಬ್ಬಿದಾಗ ಬಂಡೆ ಅದೇ ಗೆರೆಯಲ್ಲಿ ಸೀಳುತ್ತೆ. ನಮ್ಮ ಕಡೆ ಬಂಡೆ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುತ್ತಿದ್ದರು. ಕಬ್ಬಿಣದ ಬೆಣೆಯಿಂದ ಕಂಬ ಸೀಳೋದನ್ನು ನಾನೂ ನೋಡಿದ್ದೇನೆ. ಈ ಸಾಲಿನಲ್ಲಿ ಏಳನೇ ತೂತು ಅರ್ಧಕ್ಕೇ ನಿಂತಿತ್ತು. ತಳದಲ್ಲಿ ಉಳಿಯ ಏಟುಗಳು ಒಂದೇ ಕಡೆಗೆ ವಾಲಿದ್ದವು. ಅವರು ತಮ್ಮ ಕೈಯನ್ನು ಗಾಳಿಯಲ್ಲಿ ಎತ್ತಿ, ಸುತ್ತಿಗೆ ಹಿಡಿದ ಹಾಗೆ ಎರಡು ಸಲ ಇಳಿಸಿದರು. ಆಮೇಲೆ ಕೈ ಬದಲಾಯಿಸಿದರು. "ಇವನು ಎಡಚ ಇರಬೇಕು" ಅಂದರು. ಸಾವಿರ ವರ್ಷದ ಹಿಂದಿನ ಒಬ್ಬ ಕೂಲಿಯವನನ್ನು ಪಕ್ಕದ ಊರಿನವನ ಹಾಗೆ ಮಾತಾಡಿಸಿದ್ದು ನೋಡಿ ನನ್ನ ಕಣ್ಣು ತುಂಬಿತು.

ಪಂಚರಥಗಳ ಹತ್ತಿರ ಅವರೇ ನನಗೆ ಪಾಠ ಮಾಡಿದರು. ಅವು ಕಟ್ಟಿದ ಗುಡಿಗಳಲ್ಲ, ಬಂಡೆಯನ್ನೇ ಕಡೆದು ಬಿಡಿಸಿದ್ದು. ಪಾಂಡವರ ಹೆಸರು ಆಮೇಲೆ ಜನ ಇಟ್ಟಿದ್ದು. "ಮೇಲಿಂದ ಕೆಳಕ್ಕೆ ಬಂದವ್ರೆ, ನೋಡು. ಶಿಖರ ಮುಗಿದಿದೆ, ಬುಡ ಇನ್ನೂ ಒರಟು. ಸಾರುವೆ ಕಟ್ಟೋ ಖರ್ಚೇ ಇಲ್ಲ, ನಿಂತಿರೋ ಕಲ್ಲೇ ಸಾರುವೆ." ನಾನು ಪುಸ್ತಕದಲ್ಲಿ ಹತ್ತು ಸಲ ಓದಿದ್ದೆ. ಆದರೆ ಆ ಬುಡ ಯಾಕೆ ಒರಟು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಕಡಲ ದಂಡೆಯ ದೇವಾಲಯಕ್ಕೆ ಹೋದಾಗ ಸಂಜೆ ಐದು ಗಂಟೆ. ಕಂಚಿಯ ಗುಡಿ ಕಟ್ಟಿಸಿದ ಪಲ್ಲವರ ರಾಜಸಿಂಹನೇ ಇದನ್ನೂ ಕಟ್ಟಿಸಿದ್ದು, ಎಂಟನೇ ಶತಮಾನದ ಮೊದಲಲ್ಲಿ. ಇದು ಕಡೆದಿದ್ದಲ್ಲ, ಕಲ್ಲು ಜೋಡಿಸಿ ಕಟ್ಟಿದ್ದು. ಪ್ರಾಕಾರದ ಮೇಲೆ ಸಾಲಾಗಿ ನಂದಿಗಳು. ಉಪ್ಪು ಗಾಳಿಗೆ ಅವುಗಳ ಮುಖ ಸವೆದು ಹೋಗಿದೆ. ಗಾಳಿ ತಡೆಯೋಕೆ ಅಂತ ಸರ್ವೆ ಮರ ಬೆಳೆಸಿದ್ದಾರೆ, ಅಲೆ ತಡೆಯೋಕೆ ಕಲ್ಲು ಸುರಿದಿದ್ದಾರೆ. ಅಲ್ಲಿಂದ ಆಚೆ ಸಮುದ್ರ. ಅದನ್ನು ಬರೆಯೋಕೆ ನನಗೆ ಬರಲ್ಲ. ಇಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದು ಕತ್ತಲಾಗುವ ತನಕ ನಿಂತಿದ್ದೆವು. ಅವರು ಒಮ್ಮೆ ನೀರು ಬೊಗಸೆಯಲ್ಲಿ ತಗೊಂಡು ನಾಲಿಗೆಗೆ ತಾಗಿಸಿ ನೋಡಿದರು, ಅಷ್ಟೇ.

ಪುದುಚೇರಿಯಲ್ಲಿ ನನಗೆ ಬೇಸರ ಆಗಿದ್ದು ಲಾಡ್ಜಿನಿಂದ. ಸಮುದ್ರ ಕಾಣುವ ರೂಮು ಅಂತ ಹೇಳಿ ಜಾಸ್ತಿ ದುಡ್ಡು ತಗೊಂಡಿದ್ದರು. ಕಿಟಕಿ ತೆಗೆದರೆ ಮೂರು ಅಡಿ ದೂರದಲ್ಲಿ ಪಕ್ಕದ ಹಳೇ ಮನೆಯ ಗೋಡೆ. ಮ್ಯಾನೇಜರ್ ಹತ್ತಿರ ಜಗಳ ಆಡಿದೆ, ಏನೂ ಆಗಲಿಲ್ಲ. ನಮ್ಮ ದುಡ್ಡು ಕಷ್ಟದ ದುಡ್ಡು. ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಗ್ಗೆ ಎದ್ದರೆ ನಮ್ಮವರು ಕಿಟಕಿ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. "ಬಾ ಇಲ್ಲಿ" ಅಂದರು. ಆ ಗೋಡೆಯ ಗಾರೆ ಒಂದು ಕಡೆ, ಒಂದು ತಟ್ಟೆಯಷ್ಟು ಅಗಲಕ್ಕೆ, ಬಿದ್ದು ಹೋಗಿತ್ತು. ಒಳಗೆ ತೆಳು ಇಟ್ಟಿಗೆ, ಒಂದೊಂದೂ ಎರಡು ಬೆರಳು ದಪ್ಪ. ಅದರ ಮೇಲೆ ದಪ್ಪ ಮರಳಿನ ಗಾರೆ. ಅದರ ಮೇಲೆ ಸಣ್ಣ ಮರಳಿನದು. ಎಲ್ಲಕ್ಕಿಂತ ಹೊರಗೆ ಮೊಟ್ಟೆ ಸಿಪ್ಪೆಯಷ್ಟು ತೆಳುವಾದ ಬಿಳೀ ಪದರ, ಇನ್ನೂ ನುಣುಪು. ಎಲ್ಲಾ ಸುಣ್ಣ. ಅದೇ ಗೋಡೆಯ ಕೆಳಗೆ ಯಾರೋ ಈಚೆಗೆ ಸಿಮೆಂಟು ಮೆತ್ತಿದ್ದರು. ಅಲ್ಲೆಲ್ಲ ಉಪ್ಪು ಹೂವು ಬಿಟ್ಟು, ಸಿಮೆಂಟು ಹಪ್ಪಳದ ಹಾಗೆ ಎದ್ದಿತ್ತು. "ಸಿಮೆಂಟು ಬಿಗಿ. ಒಳಗಿನ ತೇವ ಆಚೆ ಬರೋಕೆ ಬಿಡಲ್ಲ. ಸುಣ್ಣ ಉಸಿರಾಡುತ್ತೆ" ಅಂದರು. ಆಮೇಲೆ ಮೆಲ್ಲಗೆ, "ನಮ್ಮಪ್ಪ ಗಾರೆ ಅರೆಯೋ ಗಾಣ ಹೊಡೆದಿದ್ದ. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕ್ತಿದ್ರು. ನಾನು ಆ ಕೆಲಸ ಕಲೀಲಿಲ್ಲ, ಅಷ್ಟೊತ್ತಿಗೆ ಸಿಮೆಂಟು ಬಂದಿತ್ತು" ಅಂದರು. ಇದನ್ನು ಇಪ್ಪತ್ತಾರು ವರ್ಷದಲ್ಲಿ ನನಗೆ ಹೇಳಿರಲಿಲ್ಲ.

ಅವತ್ತು ಇಡೀ ದಿನ ಬೀದಿ ಸುತ್ತಿದೆವು. ಫ್ರೆಂಚರು 1674ರಿಂದ ಇಲ್ಲಿ ನೆಲೆ ಊರಿದರು. 1761ರಲ್ಲಿ ಇಂಗ್ಲಿಷರು ಊರನ್ನು ನೆಲಸಮ ಮಾಡಿದ ಮೇಲೆ ಮತ್ತೆ ಕಟ್ಟಿಕೊಂಡರು. 1954ರ ನವೆಂಬರ್ 1ಕ್ಕೆ ಆಡಳಿತ ನಮ್ಮ ಕೈಗೆ ಬಂತು. ಎರಡು ವರ್ಷ ಕಳೆದು ಅದೇ ತಾರೀಖಿಗೆ ನಮ್ಮ ರಾಜ್ಯವೂ ಒಂದಾಯಿತು. ಊರಿನ ನಡುವೆ ಒಂದು ಕಾಲುವೆ. ಅದರ ಮೂಡಲಿಗೆ ಫ್ರೆಂಚರ ಬೀದಿ, ಪಡುವಲಿಗೆ ತಮಿಳರ ಬೀದಿ. ಫ್ರೆಂಚರ ಮನೆಗೆ ಎತ್ತರದ ಕಾಂಪೌಂಡು, ದೊಡ್ಡ ಗೇಟು, ಹಳದಿ ಬಣ್ಣ. ಕಾಲುವೆ ದಾಟಿದರೆ ಮನೆ ಮುಂದೆ ಜಗಲಿ. ದಾರಿಹೋಕರು ಕೂರಲಿ ಅಂತಲೇ ಕಟ್ಟಿದ ಜಗಲಿ. ನಾವೂ ಒಂದು ಮನೆಯ ಜಗಲಿ ಮೇಲೆ ಕೂತು ನೀರು ಕುಡಿದೆವು, ಯಾರೂ ಏಳಿ ಅನ್ನಲಿಲ್ಲ. ನನಗೆ ಹಿಡಿಸಿದ್ದು ಆ ಬೀದಿಗಳೇ. ಒಂದು ಹಳೇ ಮನೆಯೊಳಗೆ ಮದ್ರಾಸ್ ತಾರಸಿ ಕಂಡಾಗ ನಮ್ಮವರು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದರು. ತೇಗದ ತೊಲೆ, ಅದರ ಮೇಲೆ ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿದ ಇಟ್ಟಿಗೆ, ಕಬ್ಬಿಣ ಇಲ್ಲವೇ ಇಲ್ಲ.

ಸಂಜೆ ಆರಕ್ಕೆ ಕಡಲ ರಸ್ತೆಯಲ್ಲಿ ಗಾಡಿ ನಿಲ್ಲಿಸುತ್ತಾರೆ, ನಡೆಯುವವರದೇ ರಸ್ತೆ. ಅಲ್ಲೇ ಹಳೇ ಪುರಸಭೆ ಕಟ್ಟಡ ಇದೆ. 2014ರ ಮಳೆಗೆ ಅದು ಕುಸಿದು ಬಿದ್ದಿತ್ತು. ಮತ್ತೆ ಅದೇ ರೂಪದಲ್ಲಿ ಕಟ್ಟಿದ್ದಾರೆ. "ಬಿದ್ದಿದ್ದನ್ನ ಹಾಗೇ ಎತ್ತಿ ನಿಲ್ಲಿಸೋದು ಹೊಸದು ಕಟ್ಟೋದಕ್ಕಿಂತ ಕಷ್ಟ" ಅಂದರು.

ಕೊನೆಗೆ ತರಂಗಂಬಾಡಿ. ಕಡಲೂರು, ಚಿದಂಬರಂ, ಸೀರ್ಕಾಳಿ ದಾಟಿ ಹೋಗಬೇಕು. ಜನ ಕಮ್ಮಿ, ಅಂಗಡಿ ಕಮ್ಮಿ. ಪುದುಚೇರಿಯ ಗದ್ದಲದ ಮೇಲೆ ಇಲ್ಲಿ ಬರೀ ಅಲೆಯ ಸದ್ದು. ಊರ ಹೆಸರಿನ ಅರ್ಥವೂ ಅದೇ, ಅಲೆ ಹಾಡುವ ಜಾಗ. 1620ರಲ್ಲಿ ತಂಜಾವೂರಿನ ರಘುನಾಥ ನಾಯಕನ ಒಪ್ಪಿಗೆ ಪಡೆದು ಡೆನ್ಮಾರ್ಕಿನವರು ಇಲ್ಲಿ ಕೋಟೆ ಕಟ್ಟಿದರು. ನಾಯಕ ಅವರ ರಾಜನಿಗೆ ಚಿನ್ನದ ಹಾಳೆಯ ಮೇಲೆ ಕಾಗದ ಬರೆಸಿ ಕಳಿಸಿದ್ದನಂತೆ. ಚಿನ್ನದ ಸುದ್ದಿ ಬಂದರೆ ಕೋಲಾರದವರ ಕಿವಿ ನೆಟ್ಟಗಾಗುತ್ತೆ. ನಮ್ಮ ಮಾವನ ತಮ್ಮ ಕೆಜಿಎಫ್ ಗಣಿ ಇಳಿದವರು. 2001ರಲ್ಲಿ ಗಣಿ ಮುಚ್ಚಿದ ದಿನ ಅವರು ಊಟ ಬಿಟ್ಟಿದ್ದು ನಮ್ಮಿಬ್ಬರಿಗೂ ನೆನಪಾಯಿತು.

ನನಗೆ ಇಲ್ಲಿ ಬೇಕಿದ್ದು ಅಚ್ಚುಕೂಟದ ನೆಲ. 1706ರಲ್ಲಿ ಬಂದ ಜರ್ಮನ್ ಪಾದ್ರಿ ಜೀಗನ್‌ಬಾಲ್ಗ್ ಇಲ್ಲಿ ತಮಿಳು ಕಲಿತು, ಅಚ್ಚುಯಂತ್ರ ತರಿಸಿ, 1715ರಲ್ಲಿ ತಮಿಳಿನ ಹೊಸ ಒಡಂಬಡಿಕೆ ಅಚ್ಚು ಹಾಕಿ ಮುಗಿಸಿದರು. ನಮ್ಮ ಕನ್ನಡದ ವ್ಯಾಕರಣ ಅಚ್ಚಾಗಿದ್ದು 1817ರಲ್ಲಿ, ಬಂಗಾಳದ ಸೀರಾಂಪುರದಲ್ಲಿ, ವಿಲಿಯಂ ಕೇರಿಯಿಂದ. ಆ ಸೀರಾಂಪುರವೂ ಡೆನ್ಮಾರ್ಕಿನವರದೇ. 1845ರಲ್ಲಿ ಎರಡನ್ನೂ ಸೇರಿಸಿ ಹನ್ನೆರಡೂವರೆ ಲಕ್ಷ ರೂಪಾಯಿಗೆ ಇಂಗ್ಲಿಷರಿಗೆ ಮಾರಿಬಿಟ್ಟರು. ದಿನಾ ಪುಸ್ತಕದ ಧೂಳು ಒರೆಸುವವಳಿಗೆ ಆ ಬೀದಿಯಲ್ಲಿ ನಡೆಯೋದೇ ಒಂದು ಭಾಗ್ಯ.

ಕೋಟೆಯಿಂದ ಸ್ವಲ್ಪ ದೂರದಲ್ಲಿ ಮಾಸಿಲಾಮಣಿನಾಥರ ಗುಡಿ ಇದೆ. 1306ರಲ್ಲಿ, ಪಾಂಡ್ಯರ ಕಾಲದಲ್ಲಿ ಕಟ್ಟಿದ್ದು. ಸಮುದ್ರ ಅದರ ಮುಂಭಾಗವನ್ನು ತಿಂದು ಹಾಕಿದೆ. ಅಲ್ಲಿ ಬಲೆ ಬಿಡಿಸುತ್ತಿದ್ದ ಒಬ್ಬ ಅಜ್ಜಿಯನ್ನು ಮಾತಾಡಿಸಿದೆ. 2004ರ ಸುನಾಮಿಯಲ್ಲಿ ಮನೆಯೂ ಹೋಯಿತು, ಮಗನೂ ಹೋದ ಅಂದರು. ಇಷ್ಟು ಹೇಳಿ ಬಲೆಯ ಗಂಟು ಬಿಡಿಸೋದು ಮುಂದುವರಿಸಿದರು. ನಾನು ಪಕ್ಕದಲ್ಲಿ ಸುಮ್ಮನೆ ಕೂತೆ. ನಮ್ಮವರು ಆ ದಿನ ಯಾವ ಗೋಡೆಯನ್ನೂ ಮುಟ್ಟಲಿಲ್ಲ.

ಮಯಿಲಾಡುತುರೈಯಿಂದ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಮುಳಬಾಗಿಲಿಗೆ. ಇಳಿದು ಮೊದಲು ದೋಸೆ ತಿಂದೆವು. ಆರು ದಿನ ಆಗಿತ್ತು ಬಿಡಿ.

ಊರಿಗೆ ಬಂದ ನಾಲ್ಕನೇ ದಿನ ನಮ್ಮವರು ಎರಡು ಮೂಟೆ ಸುಡು ಸುಣ್ಣ ತಂದರು. ಹಿತ್ತಲಲ್ಲಿ ಹಳೇ ಡ್ರಮ್ಮಿಗೆ ನೀರು ತುಂಬಿ, ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಬಿಟ್ಟರು. ಕೊತಕೊತ ಕುದಿಯಿತು. ಮಾವನವರ ಹಳೇ ಕೋಣೆಯ ಗೋಡೆಗೆ ನಮ್ಮವರೇ ಸಿಮೆಂಟು ಮೆತ್ತಿದ್ದರು, ಹತ್ತು ವರ್ಷದ ಹಿಂದೆ. ಅದನ್ನು ಈಗ ಕೆರೆದು ತೆಗೆಯುತ್ತಿದ್ದಾರೆ. ಅಳಲೆಕಾಯಿ ಎಲ್ಲಿ ಸಿಗುತ್ತೆ ಅಂತ ಮಗಳು ಸಂತೆಯಲ್ಲಿ ವಿಚಾರಿಸಿ ಬಂದಿದ್ದಾಳೆ. ಸುಣ್ಣ ಒಂದು ತಿಂಗಳಾದರೂ ನೆನೆಯಬೇಕಂತೆ. ಲೈಬ್ರರಿಗೆ ಹೊರಡುವ ಮುಂಚೆ ಡ್ರಮ್ಮಿನ ಮುಚ್ಚಳ ತೆಗೆದು, ಸುಣ್ಣದ ಮೇಲೆ ನಾಲ್ಕು ಬೆರಳು ನೀರು ನಿಂತಿದೆಯಾ ಅಂತ ನೋಡೋದು ನನ್ನ ಕೆಲಸ. ಇವತ್ತಿಗೆ ಹದಿನೇಳು ದಿನ.