ಹ್ಯಾಂಡಲ್ ಹಿಡಿದು ನಡೆಸುವ ದೋಣಿಗೆ ಎಷ್ಟು ಎಚ್‌ಪಿ ಇಂಜಿನ್ ಬೇಕು?

ಕಳೆದ ಮಳೆಗಾಲ ಹಿಡಿಯುವ ಮುಂಚೆ ಗಂಗೊಳ್ಳಿಯ ನಮ್ಮ ಭಾವ ತಮ್ಮ 24 ಅಡಿಯ ಫೈಬರ್ ನಾಡದೋಣಿಗೆ ಹೊಸ ಔಟ್‌ಬೋರ್ಡ್ ಇಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ತೂಗಿಸಿ, ಅದರದ್ದೇ ಹ್ಯಾಂಡಲ್ ಹಿಡಿದು ತಿರುಗಿಸುವಂಥದ್ದು) ಕೊಳ್ಳಲು ಹೊರಟರು. 9.9 ಎಚ್‌ಪಿ ಸಾಕೇ, ಸಾಲ ಮಾಡಿಯಾದರೂ 25 ಎಚ್‌ಪಿ ಹಾಕಿಸಬೇಕೇ ಎಂಬುದು ಅವರ ಪ್ರಶ್ನೆ. ಇಂಜಿನ್ ರಿಪೇರಿಯಲ್ಲೇ ಬದುಕು ಕಟ್ಟಿಕೊಂಡ ನನಗೆ ಈ ಪ್ರಶ್ನೆ ಹೊಸದಲ್ಲವಾದರೂ, ಮನೆಯವರ ದುಡ್ಡು ಮತ್ತು ಜೀವ ಎರಡೂ ಇದರ ಮೇಲೆ ನಿಂತಿದ್ದರಿಂದ ಅವಸರದ ಉತ್ತರ ಕೊಡಲು ಮನಸ್ಸಾಗಲಿಲ್ಲ.

ಮೊದಲು ನೋಡಬೇಕಾದದ್ದು ಇಂಜಿನನ್ನಲ್ಲ, ದೋಣಿಯ ತಳವನ್ನು. ನೀರನ್ನು ಸೀಳಿಕೊಂಡು ಸಾಗುವ ದೋಣಿ ತಾನೇ ಎಬ್ಬಿಸಿದ ಅಲೆಯ ನಡುವೆ ಸಿಕ್ಕಿಕೊಳ್ಳುತ್ತದೆ. ನೀರಿಗೆ ತಾಗುವ ಉದ್ದದ (ಅಡಿಗಳಲ್ಲಿ) ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಅದರ ವೇಗದ ಮಿತಿ ನಾಟ್‌ಗಳಲ್ಲಿ ಹೆಚ್ಚುಕಡಿಮೆ ಸಿಗುತ್ತದೆ. ಭಾವನ ದೋಣಿಯಲ್ಲಿ ಆ ಉದ್ದ 22 ಅಡಿ, ಅಂದರೆ ಮಿತಿ ಸುಮಾರು 6.3 ನಾಟ್, ಗಂಟೆಗೆ 11–12 ಕಿಲೋಮೀಟರ್. ಇದನ್ನು ಮೀರಿ ಓಡಬೇಕಾದರೆ ದೋಣಿ ನೀರಿನ ಮೇಲಕ್ಕೆ ಎದ್ದು ಜಾರಬೇಕು, ಅದಕ್ಕೆ ಹಗುರವಾದ ಮೈಯೂ ಚಪ್ಪಟೆಯಾದ ತಳವೂ ಇರಬೇಕು. ಮೂವರು ಆಳು, ಕಂತಬಲೆ, ಮಂಜುಗಡ್ಡೆಯ ಪೆಟ್ಟಿಗೆ, ಇಂಧನ, ಹಿಡಿದ ಬಂಗುಡೆ ಎಲ್ಲ ಸೇರಿ ಒಂದು ಟನ್ ದಾಟುವ ದೋಣಿಗೆ 25 ಎಚ್‌ಪಿ ಹಾಕಿದರೆ ಮೂತಿ ಮೇಲೇಳುತ್ತದೆ, ಹಿಂಭಾಗ ಕುಸಿಯುತ್ತದೆ, ಇಂಧನ ಸುರಿದುಹೋಗುತ್ತದೆ. ವೇಗ ಮಾತ್ರ ಆ ಖರ್ಚಿಗೆ ತಕ್ಕಷ್ಟು ಏರುವುದಿಲ್ಲ.

ಎರಡನೆಯದು ಹ್ಯಾಂಡಲ್ ಹಿಡಿಯುವ ಕೈ. ಸ್ಟೀರಿಂಗ್ ಚಕ್ರವಿರುವ ದೋಣಿಯಲ್ಲಿ ನಡೆಸುವವನು ಮುಂದೆ ಕುಳಿತಿರುತ್ತಾನೆ; ಹ್ಯಾಂಡಲ್ ದೋಣಿಯಲ್ಲಿ ಅವನ ತೂಕವೂ ಇಂಜಿನ್ನಿನ ತೂಕವೂ ಇಂಜಿನ್ ತೂಗಿಸುವ ಹಿಂಬದಿಯ ಹಲಗೆಯ ಬಳಿಯೇ ಬೀಳುತ್ತವೆ, ಪ್ರೊಪೆಲರ್ ತಿರುಗುವಾಗಿನ ಎಳೆತವನ್ನು ಅವನ ತೋಳೇ ತಡೆದುಕೊಳ್ಳಬೇಕು. ಅಮೆರಿಕದ ಕರಾವಳಿ ಕಾವಲು ಪಡೆಯ ನಿಯಮ ಇದನ್ನು ಲೆಕ್ಕದಲ್ಲೇ ತೋರಿಸುತ್ತದೆ. ಅಲ್ಲಿ 20 ಅಡಿಗಿಂತ ಚಿಕ್ಕ ದೋಣಿಯ ಉದ್ದವನ್ನು ಹಿಂಬದಿಯ ಅಗಲದಿಂದ ಗುಣಿಸಿ, ಬಂದ ಸಂಖ್ಯೆಯಿಂದ ಎಚ್‌ಪಿಯ ಮಿತಿಯನ್ನು ಲೆಕ್ಕ ಹಾಕುತ್ತಾರೆ. 16 ಅಡಿ ಉದ್ದ, 5 ಅಡಿ ಅಗಲವಾದರೆ 80 ಬರುತ್ತದೆ. ಚಕ್ರವಿದ್ದು ಹಿಂಬದಿಯ ಹಲಗೆ 20 ಇಂಚು ಎತ್ತರವಿದ್ದರೆ ಅದಕ್ಕೆ 70 ಎಚ್‌ಪಿವರೆಗೆ ಅನುಮತಿ; ಅದೇ ದೋಣಿಯನ್ನು ಹ್ಯಾಂಡಲ್ ಹಿಡಿದು ನಡೆಸುವುದಾದರೆ 40, ತಳ ಚಪ್ಪಟೆಯಾಗಿ, ಅದು ಬದಿಗೆ ಸೇರುವ ಅಂಚು ಚೂಪಾಗಿದ್ದರೆ 25 ಮಾತ್ರ. ನಮ್ಮ ನಾಡದೋಣಿಗೆ ಈ ನಿಯಮ ಅನ್ವಯಿಸುವುದಿಲ್ಲ, ಆದರೆ ಅದರ ಹಿಂದಿನ ವಿವೇಕ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಸಿಕ್ಕಿಬಿದ್ದ ಯಾರಿಗೂ ಅರ್ಥವಾಗುವಂಥದ್ದು. ಹಳೆಯ ದೋಣಿಗೆ ಮಿತಿಮೀರಿದ ಇಂಜಿನ್ ತೂಗಿಸಿ, ಕ್ಲಾಂಪಿನ ಕೆಳಗೆ ಹಲಗೆ ಕೂದಲೆಳೆಯಷ್ಟು ಬಿರುಕು ಬಿಟ್ಟು, ಒಳಗಿನ ಮರ ನೀರು ಕುಡಿದು ಬೆರಳೊತ್ತಿದರೆ ತಗ್ಗುವಷ್ಟು ಕೊಳೆತದ್ದನ್ನು ನಾನೇ ಬಿಚ್ಚಿ ನೋಡಿದ್ದೇನೆ.

ಇನ್ನೊಂದು ಕಾರಣ ನಮ್ಮ ರಾಜ್ಯದ ಕಾನೂನಿನಲ್ಲೇ ಇದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು, 10 ಎಚ್‌ಪಿವರೆಗಿನ ನಾಡದೋಣಿಗಳಿಗೆ ವಿನಾಯಿತಿಯಿದೆ. ಸಿಗಡಿಗೆ ಒಳ್ಳೆಯ ಬೆಲೆ ಸಿಗುವ ಈ ದಿನಗಳೇ ನಾಡದೋಣಿಯವರಿಗೆ ಮುಖ್ಯ. 25 ಎಚ್‌ಪಿ ತಂದವನು ಆ ಎರಡು ತಿಂಗಳು ಇಂಜಿನ್ನಿಗೆ ಟಾರ್ಪಾಲಿನ್ ಹೊದಿಸಿ ಕೂರಬೇಕಾಗುತ್ತದೆ.

ಹಾಗೆಂದು 9.9 ತಂದು ತೂಗಿಸಿದರೆ ಕೆಲಸ ಮುಗಿಯಿತೆಂದಲ್ಲ. ಹಲಗೆ 15 ಇಂಚು ಎತ್ತರವಿದ್ದರೆ ಗಿಡ್ಡ ಶಾಫ್ಟ್ (ಇಂಜಿನ್ನಿನಿಂದ ಪ್ರೊಪೆಲರಿಗೆ ಇಳಿಯುವ ಕಾಲು), 20 ಇಂಚಿದ್ದರೆ ಉದ್ದ ಶಾಫ್ಟ್ ಬೇಕು. ಪ್ರೊಪೆಲರ್ ಮೇಲಿನ ಚಪ್ಪಟೆ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಅಥವಾ ಅದಕ್ಕಿಂತ ಒಂದು ಇಂಚು ಕೆಳಗಿರಬೇಕು. ಮೇಲಾದರೆ ಅಲೆಯಲ್ಲಿ ಪ್ರೊಪೆಲರ್ ಗಾಳಿ ಹಿಡಿದು ಸುಮ್ಮನೆ ಕಿರುಚುತ್ತದೆ. ಸೀಮೆಎಣ್ಣೆಯಲ್ಲಿ ಓಡುವ ಇಂಜಿನ್ ಅದೇ ಗಾತ್ರದ ಪೆಟ್ರೋಲ್ ಇಂಜಿನ್ನಿನಷ್ಟು ಬಲ ಕೊಡುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಪ್ರೊಪೆಲರನ್ನು, ನಮ್ಮವರ ಮಾತಿನಲ್ಲಿ ಫ್ಯಾನನ್ನು, ಪರೀಕ್ಷಿಸದೆ ಇಂಜಿನ್ನಿಗೆ ಬಲ ಸಾಲದು ಎಂದು ದೂರಬಾರದು. ಭಾವ ಕೊಂಡ 9.9ಕ್ಕೆ ಜೊತೆಯಲ್ಲಿ ಬಂದದ್ದು 10 ಇಂಚು ಪಿಚ್ಚಿನ ಫ್ಯಾನ್; ಫ್ಯಾನ್ ಒಂದು ಸುತ್ತಿಗೆ ಲೆಕ್ಕದಲ್ಲಿ ಎಷ್ಟು ಮುಂದೆ ಸಾಗಬೇಕೋ ಆ ದೂರವೇ ಪಿಚ್. ಖಾಲಿ ದೋಣಿಯಲ್ಲಿ ಅದು ಸೊಗಸಾಗಿ ಓಡಿತು. ಬಲೆ, ಆಳು, ಮೀನಿನ ಬದಲಿಗೆ ಮರಳಿನ ಚೀಲಗಳನ್ನು ಹೇರಿ ಹೊಳೆಯಲ್ಲಿ ಇಳಿತದ ಸೆಳವಿಗೆ ಎದುರಾಗಿ ಪೂರ್ತಿ ಥ್ರಾಟಲ್ ತಿರುಗಿಸಿದಾಗ ಮೀಟರಿನ ಮುಳ್ಳು 4600 ಆರ್‌ಪಿಎಂ ದಾಟಲಿಲ್ಲ, ಸದ್ದು ಏರು ಹತ್ತುವ ಲಾರಿಯಂತೆ ದಪ್ಪಗಾಯಿತು. ಕೈಪಿಡಿಯ ಪ್ರಕಾರ ಅದು 5000 ದಾಟಬೇಕಿತ್ತು. ಮರುದಿನ 8 ಇಂಚು ಪಿಚ್ಚಿನ ಫ್ಯಾನ್ ಹಾಕಿ, ಅದೇ ಭಾರದಲ್ಲಿ, ಅದೇ ಜಾಗದಲ್ಲಿ ಓಡಿಸಿದೆವು. ಮುಳ್ಳು 5000 ದಾಟಿ ನಿಂತಿತು. ಖಾಲಿ ದೋಣಿಯ ವೇಗ ತುಸು ಇಳಿದರೂ ಭಾರ ಹೊತ್ತ ದೋಣಿ ಸೆಳವನ್ನು ಒತ್ತಿಕೊಂಡು ಹೋಯಿತು. ಅಳಿವೆಯ ಬಾಯಲ್ಲಿ ಎರಡು ದೊಡ್ಡ ಅಲೆಗಳ ನಡುವೆ ದೊರಕುವ ಅಷ್ಟು ಹೊತ್ತಿನಲ್ಲಿ ದಾಟಿಬಿಡಲು ಬೇಕಾದದ್ದು ಈ ಒತ್ತುವ ಬಲವೇ.

ಭಾವ 10 ಇಂಚಿನ ಫ್ಯಾನನ್ನು ಗ್ರೀಸ್ ಸವರಿ, ಗೋಣಿಯಲ್ಲಿ ಸುತ್ತಿ, ಫ್ಯಾನಿನ ನಟ್ಟು ಕಳಚದಂತೆ ತಡೆಯುವ ಒಂದೆರಡು ಕಾಟರ್ ಪಿನ್ನಿನೊಂದಿಗೆ ದೋಣಿಯ ಮುಂಭಾಗದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಇಂಜಿನ್ ನಿಲ್ಲಿಸುವ ಕೆಂಪು ಹಗ್ಗವನ್ನು ಮಣಿಕಟ್ಟಿಗೆ ಸಿಕ್ಕಿಸದೆ ಹ್ಯಾಂಡಲ್ ಮುಟ್ಟುವುದಿಲ್ಲವೆಂದು ನನಗೆ ಮಾತು ಕೊಟ್ಟಿದ್ದಾರೆ, ಅದನ್ನು ಇದುವರೆಗೆ ತಪ್ಪಿಲ್ಲ.