ಸೊಪ್ಪಿನ ಬೆಟ್ಟ ಇದ್ದೂ ಚೀಲದ ಗೊಬ್ಬರ ಯಾಕೆ?

ನಮ್ಮ ಶಿರಸಿ ಕಡೆ ಅಡಿಕೆ ತೋಟಕ್ಕೆ ಗೊಬ್ಬರ ಅಂದ್ರೆ ಮೊದ್ಲಿಂದ್ಲೂ ಸೊಪ್ಪಿನ ಬೆಟ್ಟನೇ, ಅಂದ್ರೆ ತೋಟಕ್ಕೆ ಸೊಪ್ಪು ತರೋಕೆ ಅಂತ ಬಿಟ್ಟ ಕಾಡು, ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟದ ಸವಲತ್ತು ಇದೆ, ಅಲ್ಲಿಂದ ಸೊಪ್ಪು, ದರಕು (ಉದುರಿದ ಒಣ ಎಲೆ) ತಂದು ಕೊಟ್ಟಿಗೆಗೆ ಹಾಸೋದು, ಸಗಣಿ ಗಂಜಲ ಸೇರಿ ಅದೇ ಗೊಬ್ಬರಗುಂಡಿಗೆ ಹೋಗೋದು. ಈಗ ಕೊಟ್ಟಿಗೆಲಿ ದನ ಕಮ್ಮಿ, ಸೊಪ್ಪು ಹೊರೋಕೆ ಆಳು ಸಿಗಲ್ಲ, ಚೀಲ ಬಿಚ್ಚಿ ಎರಚೋದು ಸುಲಭ. ಬೈಯೋಕೂ ಆಗಲ್ಲ ಬಿಡಿ.

ಯೂರಿಯಾದಲ್ಲಿ ಸಾರಜನಕ 46 ಪರ್ಸೆಂಟ್, ಕೊಟ್ಟಿಗೆ ಗೊಬ್ಬರದಲ್ಲಿ ಅರ್ಧ ಪರ್ಸೆಂಟ್ ಆಸುಪಾಸು, ಹಂಗಂತ ಯೂರಿಯಾನೇ ಬೆಸ್ಟ್ ಅಂತಲ್ಲ, ನಮ್ಮ ಮಳೆಗೆ ಅದ್ರಲ್ಲಿ ಎಷ್ಟೋ ತೊಳ್ಕೊಂಡು ಹಳ್ಳಕ್ಕೆ ಹೋಗತ್ತೆ, ಮೊದ್ಲೇ ಹುಳಿ ಮಣ್ಣು, ಇನ್ನೂ ಹುಳಿ ಆಗತ್ತೆ. ಕೊಟ್ಟಿಗೆ ಗೊಬ್ಬರ ಬಿದ್ದ ಮರದ ಬುಡ ಸ್ವಲ್ಪ ಕೆದಕಿ ನೋಡಿ, ಕಪ್ಪಗೆ ಪುಡಿಪುಡಿ ಮಣ್ಣು, ಎರೆಹುಳ, ಬಿಳಿ ಬೇರು ಮೇಲೇ ಕಾಣತ್ತೆ.

ಒಂದೇ ದನ ಇದ್ರೆ ಜೀವಾಮೃತ ಅನ್ನೋ ದ್ರವ ಗೊಬ್ಬರನಾದ್ರೂ ಮಾಡ್ಬೋದು, 10 ಕೆಜಿ ಸಗಣಿ, 10 ಲೀಟರ್ ಗಂಜಲ, ಬೆಲ್ಲ ಮತ್ತೆ ಬೇಳೆಹಿಟ್ಟು 2-2 ಕೆಜಿ, ಒಂದು ಮುಷ್ಟಿ ಮಣ್ಣು, 200 ಲೀಟರ್ ನೀರು. ಆದ್ರೆ ಅದೊಂದನ್ನೇ ನಂಬ್ಕೊಂಡು ಸೊಪ್ಪು ಬಿಡೋದು ನಂಗಂತೂ ಸರಿ ಕಾಣಲ್ಲ.

ರೈತರಿಗೆ ಸಪೋರ್ಟ್ ಅಂತ ಭಾಷಣ ಸಾಕು, ಚೀಲಕ್ಕೆ ಸಬ್ಸಿಡಿ ಕೊಟ್ಟಂಗೆ ಸೊಪ್ಪು ಹೊರೋ ಕೂಲಿಗೂ ಕೊಡ್ಲಿ ನೋಡೋಣ.